ಹಿಗ್ಗುಮೇಜು: ಕಾಲ, ದೇಶ, ಕರ್ತೃ ವಿಚಾರ

ಪೀಠಿಕೆ: ಪ್ರಸ್ತುತ ಪ್ರಬಂಧದ ವಸ್ತು 'ಅಪರೂಪದ, ವಿಂಟೇಜ್, ಸ್ಕ್ಯಾಂಡಿನೇವಿಯನ್, ಮಾಡರ್ನ್, ಹಿಗ್ಗಿಸಬಲ್ಲ ಊಟದ ಮೇಜು'. ವಿಶೇಷಣಗಳು ಐದು, ಮೇಜು ಒಂದು. ಮೇಜೆಂದರೆ ಕೂತು ಉಣ್ಣುವ ಜಾಗ ಎಂಬ ಪಾಮರರ ಮಾತನ್ನು ಪೂರ್ವಪಕ್ಷವಾಗಿಟ್ಟುಕೊಂಡು, ಅದು 'ಅವಕಾಶ ಸಂಕಥನದ ಸಮತಲೀಯ ಅಭಿವ್ಯಕ್ತಿ' ಎಂಬ ಸಿದ್ಧಾಂತವನ್ನು ಇಲ್ಲಿ ಸ್ಥಾಪಿಸಲಾಗುವುದು. ಹಳೆಯ ಪೀಠೋಪಕರಣ ಮಾರುವವರ ಕ್ಯಾಟಲಾಗುಗಳೇ ನಮಗೆ ಆಕರ. ಅವುಗಳಲ್ಲಿ ಮೇಜು ನಿಲ್ಲುವುದಿಲ್ಲ, 'ಅವಕಾಶದೊಡನೆ ಸಂವಾದಿಸುತ್ತದೆ'. ಬೆಲೆ ಮಾತ್ರ ಸಂವಾದಕ್ಕೆ ಸಿಗುವುದಿಲ್ಲ. ವಿಚಾರಿಸಿದವರಿಗೆ ಮಾತ್ರ ಅದರ ಉಪದೇಶ.

ಲಕ್ಷಣ: ಬೇಕಾದಾಗ ಉದ್ದವಾಗುವುದೇ ಹಿಗ್ಗುಮೇಜು. ಇದರಲ್ಲಿ ಅತಿವ್ಯಾಪ್ತಿ ದೋಷವಿದೆ, ಏಕೆಂದರೆ ವಿಚಾರ ಸಂಕಿರಣದ ಅಧ್ಯಕ್ಷ ಭಾಷಣಕ್ಕೂ ಈ ಮಾತು ಸಲ್ಲುತ್ತದೆ. ಆದ್ದರಿಂದ 'ಮತ್ತೆ ಮೊದಲಿನಷ್ಟಕ್ಕೆ ತರಬಹುದಾದ' ಎಂದು ಸೇರಿಸತಕ್ಕದ್ದು.

ಪ್ರಭೇದ: ಹಿಗ್ಗುವಿಕೆ ಆರು ವಿಧ. ಮೊದಲನೆಯದು ಅಂತರ್ಗತಫಲಕ. ಎರಡು ಹಲಗೆಗಳು ಮೇಲ್ಹಲಗೆಯ ಅಡಿಯಲ್ಲಿ ಅವಿತಿರುತ್ತವೆ. ಇಳಿಜಾರಾಗಿ ಕೊಯ್ದ ಪಟ್ಟಿಗಳ ಮೇಲೆ ಅವು ಕೂತಿರುವುದರಿಂದ ಎಳೆದಂತೆಲ್ಲ ಮೇಲೇರಿ ಬರುತ್ತವೆ. ಪೂರ್ತಿ ಹೊರಬಂದಾಗ ಮೇಲ್ಹಲಗೆ ತಾನಾಗಿ ಇಳಿದು ಅವುಗಳ ಸಮಕ್ಕೆ ಕೂರುತ್ತದೆ. ಮೊಳೆಯಿಲ್ಲ, ಸ್ಪ್ರಿಂಗಿಲ್ಲ. ಆರು ಜನರ ಮೇಜು ಹತ್ತು ಜನರದಾಯಿತು. ಕ್ಯಾಟಲಾಗು ಇದನ್ನು ಆಧುನಿಕ ಪ್ರತಿಭೆಯ ಸ್ಫೋಟವೆಂದು ಕೊಂಡಾಡುತ್ತದೆ. ಯುರೋಪಿನ ಬಡಗಿಗಳು ಇದನ್ನು 16ನೇ ಶತಮಾನದಲ್ಲೇ ಮಾಡುತ್ತಿದ್ದರು. ಎರಡನೆಯದು ಮಧ್ಯವಿಚ್ಛಿನ್ನ: ನಡುವೆ ಸೀಳಿ ಹಲಗೆ ಸೇರಿಸುವುದು. ಮೂರನೆಯದು ಪಾರ್ಶ್ವಲಂಬಿ: ಪಕ್ಕದಲ್ಲಿ ಜೋತುಬಿದ್ದದ್ದನ್ನು ಎತ್ತಿ ನಿಲ್ಲಿಸುವುದು. ನಾಲ್ಕನೆಯದು... ಉಳಿದ ಮೂರನ್ನು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಬಿಟ್ಟಿದ್ದೇವೆ.

ದೇಶವಿಚಾರ: ಈ ಮೇಜು 'ಉತ್ತರದ ಹಿಮದ ಆತ್ಮ'ವಂತೆ. ಆತ್ಮದ ಮಾತು ಹಾಗಿರಲಿ, ದೇಹ ತೇಗದ್ದು. ಡೆನ್ಮಾರ್ಕಿನ ಕಾಡಲ್ಲಿ ಬೀಚ್ ಇದೆ, ಓಕ್ ಇದೆ, ತೇಗವಿಲ್ಲ. ತೇಗದ ತವರು ಭಾರತ, ಬರ್ಮಾ, ಥಾಯ್ಲೆಂಡ್, ಲಾವೋಸ್. ಎರಡನೇ ಮಹಾಯುದ್ಧದ ನಂತರ ಬರ್ಮಾ, ಥಾಯ್ಲೆಂಡುಗಳ ದಿಮ್ಮಿಗಳು ಹಡಗೇರಿ ಅಲ್ಲಿಗೆ ಹೋದವು. ನಮ್ಮ ದಾಂಡೇಲಿಯವರಿಗೆ ಈ ಹಿಮದ ಆತ್ಮವನ್ನು ನೋಡಿದರೆ ನೆಂಟರನ್ನು ಕಂಡಂತಾದೀತು. ಹತ್ತಿರ ಹೋದರೆ ಎಷ್ಟೋ ಮೇಜುಗಳಲ್ಲಿ ತೇಗವಿರುವುದು ಮೇಲಿನ ತೆಳು ವಿನೀರಿನಲ್ಲಿ ಮತ್ತು ಅಂಚಿನ ಪಟ್ಟಿಯಲ್ಲಿ ಮಾತ್ರ. ಈ ಅದ್ವೈತವನ್ನು ಕ್ಯಾಟಲಾಗು ಮೌನದಿಂದ ಬೋಧಿಸುತ್ತದೆ.

ಕರ್ತೃವಿಚಾರ: 'ಇಂಥವರದು', 'ಇಂಥವರದೆಂದು ನಂಬಲಾದದ್ದು', 'ಇಂಥವರ ಶೈಲಿಯದು', 'ಇಂಥವರ ಕಾಲದ್ದು' ಎಂದು ಕರ್ತೃತ್ವ ನಾಲ್ಕು ಮೆಟ್ಟಿಲು ಇಳಿದರೂ ಬೆಲೆ ಒಂದೇ ಮೆಟ್ಟಿಲು ಇಳಿಯುತ್ತದೆ. ಇಲ್ಲಿ ನನ್ನ ಪಾಂಡಿತ್ಯಕ್ಕೆ ಸಿಟ್ಟು ಅಡ್ಡ ಬರುತ್ತಿದೆ. ಕೋಪನ್‌ಹೇಗನ್ನಿನ ಕಲಾ ಅಕಾಡೆಮಿಯಲ್ಲಿ 1924ರಿಂದ ಪೀಠೋಪಕರಣ ವಿನ್ಯಾಸ ಕಲಿಸಿದ ಕಾರೆ ಕ್ಲಿಂಟ್ ಮನುಷ್ಯರ ಮೈಯಳತೆ ತೆಗೆದುಕೊಂಡು ಕೆಲಸ ಶುರುಮಾಡಿದ ಮನುಷ್ಯ. ಅವರ ಶಿಷ್ಯ ಬೋರ್ಗೆ ಮೊಗೆನ್ಸೆನ್ 1942ರಲ್ಲಿ, ದೇಶ ಜರ್ಮನರ ಹಿಡಿತದಲ್ಲಿದ್ದಾಗ, ಡೆನ್ಮಾರ್ಕಿನ ಬಳಕೆದಾರರ ಸಹಕಾರ ಸಂಘದ ಪೀಠೋಪಕರಣ ವಿಭಾಗ ವಹಿಸಿಕೊಂಡರು. ಸಣ್ಣ ಮನೆ, ಸಣ್ಣ ಸಂಬಳದ ಸಂಸಾರಕ್ಕೆ ಗಟ್ಟಿಯಾದ, ಅಗ್ಗದ ಸಾಮಾನು ಬೇಕೆಂಬುದಷ್ಟೇ ಅವರ ಹಟ. 1947ರ ಅವರ ಕುರ್ಚಿಗೆ ಜನ ಇಟ್ಟ ಹೆಸರೇ ಜನರ ಕುರ್ಚಿ. ಮೇಜು ಹಿಗ್ಗಬೇಕಾದ್ದೂ ಅದಕ್ಕೇ: ಕೋಣೆ ಚಿಕ್ಕದು, ಆದರೂ ಭಾನುವಾರ ನೆಂಟರು ಬರಬೇಕು. ಅಂಥ ಮನೆಗಳಿಗಾಗಿ ಕಾರ್ಖಾನೆಗಳಲ್ಲಿ ರಾಶಿರಾಶಿಯಾಗಿ ತಯಾರಾದ ವಸ್ತುವಿಗೆ ಇಂದು 'ಅಪರೂಪ'ದ ಚೀಟಿ ಅಂಟಿಸಿ, ಆ ಸಂಬಳದವರು ಬಾಗಿಲಲ್ಲೂ ನಿಲ್ಲಲಾಗದ ಅಂಗಡಿಯಲ್ಲಿ ದೀಪ ಹಾಕಿ ಇಟ್ಟಿದ್ದಾರೆ. ಇದು ಸಂಕಥನವಲ್ಲ, ದಗಾ.

ಅದಕ್ಕಿಂತ ಹೊಟ್ಟೆ ಉರಿಸುವುದು ಕ್ಯಾಟಲಾಗಿನ ಇನ್ನೊಂದು ಹೊಗಳಿಕೆ: 'ಒಳಹಲಗೆಗಳು ಹೊಸದರಂತಿವೆ.' ಬೆಳಕಿಗೆ ಬಿದ್ದ ಮೇಲ್ಹಲಗೆ ವರ್ಷಗಳು ಕಳೆದಂತೆ ಬಣ್ಣ ಬದಲಿಸುತ್ತದೆ; ಒಳಗೇ ಉಳಿದವು ಬದಲಿಸುವುದಿಲ್ಲ. ಹಾಗಾದರೆ ಹೊಸದರಂತಿರುವುದೆಂದರೇನು? ಆ ಮನೆಗೆ ಹತ್ತು ಜನ ಬಂದದ್ದು ಕಡಿಮೆ. ಏಳನೆಯವನಿಗೆಂದು ಕೊಯ್ದ ಹಲಗೆ ಅರವತ್ತು ವರ್ಷ ಕತ್ತಲಲ್ಲೇ ಕೂತಿತ್ತು. ಅದನ್ನು ಗುಣವೆಂದು ಎಣಿಸಿ ಅದಕ್ಕೇ ಹೆಚ್ಚು ಹಣ ಕೇಳುತ್ತಾರೆ, ಕೊಡುವವರೂ ಇದ್ದಾರೆ. ಕೊಟ್ಟವರು ಅದರ ಮೇಲೆ ಬಿಸಿ ಪಾತ್ರೆ ಇಡಲು ಹೆದರಿ ಅಡುಗೆಮನೆಯಲ್ಲಿ ನಿಂತು ಉಣ್ಣುತ್ತಾರೆ.

ನಿಮ್ಮಲ್ಲಿ ಯಾರ ಮನೆಗಾದರೂ ಇಂಥದೊಂದು ಬಂದು ಸೇರಿದ್ದರೆ ಹಲಗೆ ಎಳೆಯಿರಿ, ಜನರನ್ನು ಊಟಕ್ಕೆ ಕರೆಯಿರಿ. ಎಣ್ಣೆ ಹಚ್ಚಿದ ತೇಗದ ಮೇಲೆ ಲೋಟದ ಗುರುತು ಬಿದ್ದರೆ ನಯವಾದ ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಎಣ್ಣೆ ಕೊಟ್ಟರೆ ಸಾಕು. ವಿನೀರಾಗಿದ್ದರೆ ಕೈ ಹಗುರವಿರಲಿ.