ಗೃಹಸೀವನ ಮೀಮಾಂಸೆ

ಪೀಠಿಕೆ

ಅಥಾತೋ ಸೂಜಿಜಿಜ್ಞಾಸಾ. ‘ಅಥ’ ಎಂದರೆ ಅನಂತರ. ಯಾವುದರ ಅನಂತರ? ಮಧ್ಯಾಹ್ನದ ಪಾತ್ರೆ ತೊಳೆದು, ಕನ್ನಡಕ ಹುಡುಕಿ, ಅದು ತಲೆಯ ಮೇಲೇ ಸಿಕ್ಕ ಅನಂತರ ಎಂದು ಭಾಷ್ಯಕಾರರ ಮತ. ಭಾಷ್ಯಕಾರರು ನಾನೇ.

ಬಟ್ಟೆ ಹೊಲಿಯುವವನನ್ನು ಅಮರಕೋಶವು ತುನ್ನವಾಯ, ಸೌಚಿಕ ಎಂದು ಕರೆದಿದೆ. ಕನ್ನಡದಲ್ಲಿ ಸಿಂಪಿಗ, ಚಿಪ್ಪಿಗ ಎಂದಿದೆ. ಮನೆಯಲ್ಲೇ ಕೂತು, ಕಾಸು ಪಡೆಯದೆ, ಕೇಳದವರಿಗೂ ಹೊಲಿದುಕೊಡುವವಳಿಗೆ ಮಾತ್ರ ಯಾರೂ ಹೆಸರಿಟ್ಟಿಲ್ಲ. ನೆರೆಹೊರೆಯವರು ಇಟ್ಟಿದ್ದಾರೆ: ‘ಹೇಗೂ ಮಿಷನ್ ಇದೆಯಲ್ಲ, ಇದೊಂದು ಫಾಲ್ಸ್ ಹಾಕಿಬಿಡಿ’. ಶಾಸ್ತ್ರದ ಈ ಕೊರತೆಯನ್ನು ತುಂಬಲು ಪ್ರಸ್ತುತ ಪ್ರಬಂಧ. ಅಧ್ಯಯನಕ್ಕೆ ಆಯ್ದುಕೊಂಡ ಮಾದರಿ ಒಂದೇ ಒಂದು: ಹನ್ನೊಂದನೆಯ ವಯಸ್ಸಿನಿಂದ ಅಮ್ಮನ ಮಿಷನ್ ತುಳಿಯುತ್ತ ಬಂದಿರುವ ಲೇಖಕಿ.

ವಿಷಯ

ಕೈಸೂಜಿಗೆ ಕಣ್ಣು ಬಾಲದಲ್ಲಿ. ಮಿಷನ್ ಸೂಜಿಗೆ ಮೂತಿಯಲ್ಲಿ. 1846ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದ ಸೂಜಿಯೂ ಇಂಥದ್ದೇ. ಕೈಸೂಜಿಯಂತೆ ಅದು ಮೈಯೆಲ್ಲ ಬಟ್ಟೆ ದಾಟಿ ಹೋಗುವುದಿಲ್ಲ. ಮೊನೆಯಷ್ಟು ಇಳಿದು, ಒಂದು ಕುಣಿಕೆ ಬಿಟ್ಟು, ಮೇಲೇಳುತ್ತದೆ. ಆ ಕುಣಿಕೆಯನ್ನು ಶಟಲ್ ಹಿಡಿದು ಬಾಬಿನ್ ದಾರಕ್ಕೆ ಸುತ್ತಿಸುತ್ತದೆ. ಮತಭೇದ ಹುಟ್ಟುವುದು ಇಲ್ಲೇ. ಮೇಲಿನಿಂದ ನೋಡಿದರೆ ದಾರ ಒಂದೇ: ಅದ್ವೈತ. ಬಟ್ಟೆ ಮಗುಚಿದರೆ ಇನ್ನೊಂದು: ದ್ವೈತ. ಬಾಬಿನ್ ಮುಗಿದದ್ದು ತಿಳಿಯದೆ ಮೊಳದುದ್ದ ತುಳಿದು, ಎತ್ತಿ ನೋಡಿದಾಗ ಬರೀ ತೂತುಗಳಿದ್ದರೆ: ಶೂನ್ಯವಾದ.

ಇನ್ನೊಂದು ಸೂಕ್ಷ್ಮವಿದೆ. ಬಟ್ಟೆಯ ಅಡಿಯಲ್ಲಿ ದಾರ ಸಿಕ್ಕುಸಿಕ್ಕಾದರೆ ಹೊಸಬರು ಬಾಬಿನ್ನನ್ನು ಬೈಯುತ್ತಾರೆ. ಬಹುಮಟ್ಟಿಗೆ ತಪ್ಪು ಮೇಲಿನ ದಾರದ್ದು. ಅದರ ಬಿಗಿ ಸಡಿಲವಾಗಿರುತ್ತದೆ. ಮೇಲಿನವರ ಸಡಿಲ ಕೆಳಗಿನವರ ಮುಖದಲ್ಲಿ ಕಾಣುವುದು ಕಚೇರಿಶಾಸ್ತ್ರದ ವಿಷಯ, ಇಲ್ಲಿ ಅಪ್ರಸ್ತುತ.

ಪೂರ್ವಪಕ್ಷ

‘ಮನೆಯಲ್ಲಿ ಹೊಲಿದರೆ ದುಡ್ಡು ಉಳಿಯುತ್ತದೆ’ ಎಂಬುದು ಪೂರ್ವಪಕ್ಷ. ಇದನ್ನು ಮಂಡಿಸಿದವಳೂ ನಾನೇ, ಯಜಮಾನರ ಮುಂದೆ. ಖಂಡನೆ: ಒಂದು ಲೈನಿಂಗ್ ತರಲು ಚಿಕ್ಕಪೇಟೆಗೆ ಹೋದ ಮಾದರಿ, ನಾಲ್ಕು ಕಟ್‌ಪೀಸು, ಎರಡು ಬಗೆಯ ಲೇಸು, ಯಾವ ಬಟ್ಟೆಗೂ ಹೊಂದದ ಒಂದು ಡಜನ್ ಗುಂಡಿಗಳೊಡನೆ ಮರಳಿತು. ಲೈನಿಂಗ್ ಮರೆತಿತ್ತು.

‘ಅಂಗಡಿಯದಕ್ಕಿಂತ ಮೈಗೆ ಚೆನ್ನಾಗಿ ಕೂರುತ್ತದೆ’ ಎಂಬ ಎರಡನೆಯ ವಾದವೂ ನಿಲ್ಲದು. ರವಿಕೆಯ ಕಂಕುಳನ್ನು ಮುಂದೆ ಹೆಚ್ಚು, ಹಿಂದೆ ಕಡಿಮೆ ಕೊರೆಯಬೇಕು. ಆದ್ದರಿಂದ ತೋಳಿಗೂ ಎಡಬಲ ಉಂಟು. ಒಳಮೈ ಹೊರಮೈ ನೋಡದೆ ಕತ್ತರಿ ಆಡಿಸಿದರೆ ಎರಡೂ ಬಲತೋಳೇ ಆಗುತ್ತವೆ. ಹಾಗಾದ ರೇಷ್ಮೆ ರವಿಕೆಯೊಂದು ನಮ್ಮ ಬೀರುವಿನಲ್ಲಿದೆ. ಅದು ಹ್ಯಾಂಗರಿಗೆ ಬಹಳ ಚೆನ್ನಾಗಿ ಕೂರುತ್ತದೆ.

ಪಾತಕಪ್ರಕರಣ

ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸುವುದು ಪಾತಕ. ಹಾಲಿನ ಪ್ಯಾಕೆಟ್ ಕತ್ತರಿಸುವುದು ಮಹಾಪಾತಕ. ಎರಡನ್ನೂ ಮಾಡಿ ‘ಕತ್ತರಿ ಅಂದ್ರೆ ಕತ್ತರಿ ತಾನೇ?’ ಎಂದವರಿಗೆ ಪ್ರಾಯಶ್ಚಿತ್ತವಿಲ್ಲ. ಅಂಥವರೊಡನೆ 40 ವರ್ಷ ಸಂಸಾರ ಮಾಡಿದ ಅನುಭವದಿಂದ ಹೇಳುತ್ತಿದ್ದೇನೆ.

ಪ್ರಮಾಣ

ದುಡ್ಡೂ ಅಲ್ಲ, ಅಂದವೂ ಅಲ್ಲ ಎಂದಮೇಲೆ ಈ ಚಟಕ್ಕೆ ಕಾರಣವೇನು? ಶಬ್ದಪ್ರಮಾಣ ಗಾಂಧೀಜಿಯವರದು. ಯಂತ್ರಗಳ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದ ಅವರು 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ಬಸವಳಿಯುವುದನ್ನು ನೋಡಲಾರದೆ, ಪ್ರೀತಿಯಿಂದ ಸಿಂಗರ್ ಅದನ್ನು ರೂಪಿಸಿದ ಎಂಬುದು ಅವರು ಕೊಟ್ಟ ಕಾರಣ. 1851ರಲ್ಲಿ ಪೇಟೆಂಟ್ ಪಡೆದ ಐಸಾಕ್ ಸಿಂಗರ್ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸಂಸಾರ ಸಾಗಿಸುತ್ತಿದ್ದವನಾದ್ದರಿಂದ ‘ಯಾವ ಹೆಂಡತಿ?’ ಎಂದು ಚರಿತ್ರಕಾರರು ಕೇಳಬಹುದು. ಕೇಳಲಿ. ಪ್ರಮಾಣ ಸ್ವಲ್ಪ ಸಡಿಲವಾದರೂ ಪ್ರಮೇಯ ಗಟ್ಟಿಯಾಗಿದೆ.

ಪ್ರತ್ಯಕ್ಷಪ್ರಮಾಣ ಅಟ್ಟದ ಟ್ರಂಕಿನ ಉತ್ಖನನದಲ್ಲಿ ದೊರೆಯಿತು: ನನ್ನ ನೀಲಿ ಉದ್ದಲಂಗ. ಮರದ ವಯಸ್ಸು ಉಂಗುರದಲ್ಲಿ, ಲಂಗದ ವಯಸ್ಸು ಮಡಿಕೆಯಲ್ಲಿ. ಹೊಲಿಯುವಾಗಲೇ ಅಮ್ಮ ಅಂಚಿನ ಮೇಲೆ ಸುತ್ತಲೂ ನಾಲ್ಕು ಮಡಿಕೆ ಹಾಕಿ, ಯುಗಾದಿಗೊಂದರಂತೆ ಬಿಚ್ಚುತ್ತಿದ್ದಳು. ಬಿಚ್ಚಿದ ಜಾಗ ಹೊಸ ನೀಲಿ, ಉಳಿದದ್ದು ಮಾಸಿದ ನೀಲಿ. ನನಗೋ ಗೆಳತಿಯರ ಮುಂದೆ ನಾಚಿಕೆ. ಈಗ ಎಣಿಸಿದರೆ ಬಿಚ್ಚಿದ ಗೆರೆ ಮೂರು. ನಾಲ್ಕನೆಯ ಮಡಿಕೆ ಹಾಗೇ ಇತ್ತು. ನಾನು ಬೆಳೆಯುವುದನ್ನು ನಿಲ್ಲಿಸಿದ್ದೆ. ಅಮ್ಮನ ಅಂದಾಜು ಇನ್ನೂ ಎರಡಿಂಚು ಮುಂದಿತ್ತು. ಉಗುರಿನಿಂದ ಮಡಿಕೆ ಸ್ವಲ್ಪ ಬಿಡಿಸಿ ನೋಡಿದೆ. ಒಳಗಿನ ನೀಲಿಗೆ ಬಿಸಿಲು ತಾಗಿರಲೇ ಇಲ್ಲ.

ಸಿದ್ಧಾಂತ

ಅಂಗಡಿಯ ಬಟ್ಟೆ ಇಂದಿನ ಅಳತೆಗೆ. ಮನೆಯ ಬಟ್ಟೆ ನಾಳೆಯ ಅಳತೆಗೆ. ‘ಒಳಗೆ ಬಟ್ಟೆ ಬಿಟ್ಟು ಹೊಲಿ’ ಎಂಬ ಅಮ್ಮನ ಮಾತೇ ಮೂಲಸೂತ್ರ, ಮಿಕ್ಕದ್ದೆಲ್ಲ ಭಾಷ್ಯ.

ಫಲಶ್ರುತಿ

ಇದನ್ನು ಓದಿದವರಿಗೆ ಮೊದಲ ಸಲಕ್ಕೇ ಸೂಜಿಗೆ ದಾರ ಪೋಣಿಸುವ ಶಕ್ತಿ ಬರುತ್ತದೆ. ಕೇಳಿದವರ ಮನೆಯ ಕತ್ತರಿ ಮೊಂಡಾಗುವುದಿಲ್ಲ. ಸದ್ಯ ಮೊಮ್ಮಗಳ ಲಂಗಕ್ಕೆ ನಾಲ್ಕು ಮಡಿಕೆ ಹಾಕುತ್ತಿದ್ದೇನೆ. ‘ಅಜ್ಜಿ, ಆನ್‌ಲೈನಲ್ಲಿ ಮುಂದಿನ ಸೈಜೂ ಸಿಗುತ್ತಲ್ಲ?’ ಎಂದಿದ್ದಾಳೆ. ಈ ಪೂರ್ವಪಕ್ಷ ಪ್ರಬಲವಾಗಿದೆ. ಐದನೆಯ ಮಡಿಕೆಯಲ್ಲಿ ಉತ್ತರಿಸಲಾಗುವುದು.