ಮಾತು ಬಿಟ್ಟವರ ಪಾಡು

ಕಡೂರು ತಾಲ್ಲೂಕಿನ ಚೌಳಹಿರಿಯೂರು ಸೀಮೆಯಲ್ಲಿ ಮಳೆಗೆ ಬರ ಬಂದೀತು, ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಬರವಿಲ್ಲ. ಹಿಸ್ಸೆಯಾದಾಗ ತೆಂಗಿನ ತೋಟ ಎರಡಾಗುತ್ತದೆ, ಕೊಳವೆಬಾವಿ ಮಾತ್ರ ಒಂದೇ ಉಳಿಯುತ್ತದೆ. ಕರೆಂಟು ಬಂದದ್ದನ್ನು ತಮ್ಮನಿಗೆ ತಿಳಿಸದಿದ್ದರೆ ಆಗದು, ತಿಳಿಸಿದರೆ ಮಾನ ಹೋಗುತ್ತದೆ. ಹಾಗಾಗಿ ಅಣ್ಣನಾದವನು ಎಮ್ಮೆಯ ಮುಖ ನೋಡಿ, "ತ್ರೀ ಫೇಸ್ ಬಂದೈತೆ, ಇವತ್ತು ಸರದಿ ಯಾರ್ದೋ ಏನೋ" ಎನ್ನುತ್ತಾನೆ. ಬೇಲಿಯಾಚೆಯಿಂದ ತಮ್ಮ ತನ್ನ ನಾಯಿಗೆ, "ಬೆಳಗಿನ ತಂಕ ನಮ್ದೇ ಕಣೋ" ಎಂದು ಹೇಳುತ್ತಾನೆ. ನೀರಾವರಿ ವಿಚಾರದಲ್ಲಿ ಎಮ್ಮೆ ನಾಯಿಗಳಿಗೆ ಇಷ್ಟೊಂದು ತಿಳಿವಳಿಕೆ ಬೇರೆಲ್ಲೂ ಸಿಗಲಾರದು.

ಮಾತು ಬಿಡುವುದೆಂದರೆ ಸುಮ್ಮನಿರುವುದು ಎಂದುಕೊಂಡವರು ಮಾತು ಬಿಟ್ಟು ನೋಡಿದವರಲ್ಲ. ಅವನು ಎಷ್ಟು ಹೊತ್ತಿಗೆ ಡೇರಿಗೆ ಹಾಲು ಹಾಕುತ್ತಾನೆ, ಕಡೂರಿಗೆ ಯಾವ ಬಸ್ಸು ಹತ್ತುತ್ತಾನೆ, ಮದುವೆ ಮನೆಯಲ್ಲಿ ಎಷ್ಟನೇ ಪಂಕ್ತಿಗೆ ಕೂರುತ್ತಾನೆ ಎಂಬುದೆಲ್ಲ ಕರಾರುವಾಕ್ಕಾಗಿ ಗೊತ್ತಿರಬೇಕು. ಇಲ್ಲದಿದ್ದರೆ ಎದುರಾಗಿಬಿಡುತ್ತಾನೆ! ಅವನ ಹೆಂಡತಿಗೂ ಅವನ ಮೇಲೆ ಇಷ್ಟು ನಿಗಾ ಇರಲಾರದು.

ಇಬ್ಬರ ಪಾಡೇ ಹೀಗಾದರೆ ಇಡೀ ಊರು ಸೇರಿ ಒಬ್ಬನನ್ನು ದೂರವಿಡುವುದು ಎಷ್ಟು ದೊಡ್ಡ ಕೆಲಸವಿರಬೇಡ? ಅಥೆನ್ಸಿನವರು ಅದನ್ನು ಮಡಕೆ ಚೂರಿನ ಮೇಲೆ ಹೆಸರು ಗೀಚಿ ಮುಗಿಸುತ್ತಿದ್ದರು. ಆಯ್ಕೆಯಾದವನು ಹತ್ತು ವರ್ಷ ಊರಾಚೆ. ನಮ್ಮಲ್ಲಿ ಕುಲದಿಂದ ಹೊರಗಿಟ್ಟರೆ ನೀರು, ಬೆಂಕಿ, ಕ್ಷೌರ, ಕೊನೆಗೆ ಹೆಣ ಹೊರುವ ಹೆಗಲು, ಎಲ್ಲವೂ ಬಂದ್. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮುಂಬಯಿ ಪ್ರಾಂತ 1949ರಲ್ಲಿ ಇಂಥ ಬಹಿಷ್ಕಾರದ ವಿರುದ್ಧ ಕಾನೂನನ್ನೇ ಮಾಡಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೆಲ್ಲ ಆಗ ಆ ಪ್ರಾಂತದಲ್ಲೇ ಇದ್ದವು. 1962ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು.

ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಬಾಯ್ಕಾಟ್ ಎಂದು ಹೆಸರು. ಕನ್ನಡದ ಕಿವಿಗೆ ಬಾಯಿಯ ಕಾಟವೆಂದೇ ಕೇಳಿಸುತ್ತದೆ. ಅದು ಒಬ್ಬ ಮನುಷ್ಯನ ಅಡ್ಡಹೆಸರು. ಕ್ಯಾಪ್ಟನ್ ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಬಾಯ್ಕಾಟ್ ಎಂಬಾತ ಐರ್ಲೆಂಡಿನ ಮೇಯೋ ಪ್ರಾಂತದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟು, ನಮ್ಮ ಲೆಕ್ಕದಲ್ಲಿ ಪಾರುಪತ್ಯಗಾರ. ಫಸಲು ಕೈಕೊಟ್ಟಿತ್ತು, ಗೇಣಿ ಇಳಿಸಿ ಎಂದು ಒಕ್ಕಲುಗಳು ಕೇಳಿದರು. ಕ್ಯಾಪ್ಟನ್ ಒಕ್ಕಲೆಬ್ಬಿಸುವ ನೋಟಿಸು ಕಳಿಸಿದ. 1880ರ ಸೆಪ್ಟೆಂಬರಿನಲ್ಲಿ ಐರಿಷ್ ಒಕ್ಕಲುಗಳ ನಾಯಕ ಪಾರ್ನೆಲ್ ಎನ್ನಿಸ್ ಊರಿನ ಸಭೆಯಲ್ಲಿ ಉಪಾಯ ಹೇಳಿದ್ದ: ಒಕ್ಕಲೆಬ್ಬಿಸಿದ ಹೊಲವನ್ನು ಹಿಡಿದವನಿಗೆ ಹೊಡೆಯಬೇಡಿ, ಬೀದಿಯಲ್ಲಾಗಲಿ ಅಂಗಡಿಯಲ್ಲಾಗಲಿ ಮಾತಾಡಿಸಬೇಡಿ. ಅದರ ಮೊದಲ ದೊಡ್ಡ ಪ್ರಯೋಗ ನಡೆದದ್ದು ಏಜೆಂಟನ ಮೇಲೆ. ಆಳುಗಳು ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ, ಕಮ್ಮಾರ ಕೈಯೆತ್ತಿದ, ಬಟ್ಟೆ ಒಗೆಯುವವಳೂ ಬರಲಿಲ್ಲ. ಕ್ಯಾಪ್ಟನ್ ತನ್ನ ಗೋಳನ್ನು ಲಂಡನ್ನಿನ 'ಟೈಮ್ಸ್'ಗೆ ಬರೆದ.

ಆಮೇಲಿನದು ಶುದ್ಧ ಪ್ರಹಸನ. ಆಲೂಗಡ್ಡೆ, ಟರ್ನಿಪ್ ಕೀಳಲು ಬೇರೆ ಪ್ರಾಂತದಿಂದ ಐವತ್ತು ಜನ ಬಂದರು. ಅವರನ್ನು ಕಾಯಲು ಸೈನಿಕರೂ ಪೊಲೀಸರೂ ಸೇರಿ ಸಾವಿರದಷ್ಟು ಮಂದಿ! ಸುಮಾರು 500 ಪೌಂಡು ಬೆಲೆಯ ಬೆಳೆಗೆ 10,000 ಪೌಂಡು ಖರ್ಚಾಯಿತೆಂದು ಆಗಿನ ಅಂದಾಜು. ಈರುಳ್ಳಿಯ ರೇಟಿಗಿಂತ ಕೀಳುವ ಕೂಲಿ ಹೆಚ್ಚಾಯಿತೆಂದು ಹೊಲದಲ್ಲೇ ಬಿಡುವ ಕಡೂರು, ಅಜ್ಜಂಪುರದ ರೈತ ಇದನ್ನು ಕೇಳಿದರೆ ಬ್ರಿಟಿಷ್ ಸರ್ಕಾರಕ್ಕೆ ಒಂದು ಮಾತು ಬುದ್ಧಿ ಹೇಳಿಯಾನು.

ಜನ ಮಾಡುತ್ತಿರುವ ಈ ಕೆಲಸವನ್ನು ಏನೆಂದು ಕರೆಯುವುದು? ಅಮೆರಿಕದ ಪತ್ರಕರ್ತ ರೆಡ್‌ಪಾತ್ ಹೇಳುವಂತೆ, ಅಥೆನ್ಸಿನ ಮಡಕೆ ಚೂರಿನಿಂದ ಹುಟ್ಟಿದ ಗ್ರೀಕ್ ಮಾತು ಹಳ್ಳಿಗರ ನಾಲಿಗೆಗೆ ಭಾರವಾದೀತೆಂದು ಊರಿನ ಪಾದ್ರಿ ಓಮ್ಯಾಲಿ ಯೋಚಿಸಿ, ಕ್ಯಾಪ್ಟನ್ನನ ಹೆಸರನ್ನೇ ಕ್ರಿಯಾಪದ ಮಾಡಿಬಿಟ್ಟ. ವರ್ಷ ತುಂಬುವುದರೊಳಗೆ ಪತ್ರಿಕೆಗಳಲ್ಲೆಲ್ಲ ಅದೇ.

ಪಾರ್ನೆಲ್ಲನ ಉಪಾಯ ಕನ್ನಡನಾಡಿಗೂ ಹೊಸತಾಗಿ ಉಳಿಯಲಿಲ್ಲ. 1930ರ ದಶಕದ ಕರ ನಿರಾಕರಣೆಯಲ್ಲಿ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರದ ರೈತರ ಜಮೀನುಗಳನ್ನು ಸರ್ಕಾರ ಜಪ್ತಿ ಮಾಡಿ ಹರಾಜಿಗಿಟ್ಟಿತು. ಹರಾಜಿನಲ್ಲಿ ಕೊಂಡವರೂ ಇದ್ದರು. ಸಿದ್ದಾಪುರದ ಕಡೆ ಹೆಂಗಸರು ಅಂಥವರ ಮನೆ ಬಾಗಿಲಿಗೇ ಹೋಗಿ ಉಪವಾಸ ಕೂತರು. ಐರ್ಲೆಂಡಿನವರು ಬೆನ್ನು ತಿರುಗಿಸಿದರು, ಇವರು ಮುಖಕ್ಕೆ ಮುಖ ಕೊಟ್ಟು ಕೂತರು. ಜಗಲಿಯಲ್ಲಿ ಹಸಿದ ಹೆಂಗಸರನ್ನು ಕೂರಿಸಿಕೊಂಡು ಒಳಗೆ ಅನ್ನ ಕಲೆಸುವುದು ಯಾವ ಗಂಡಸಿಗಾದರೂ ಕಷ್ಟವೇ. ಮಾವಿನಗುಂಡಿಯಲ್ಲಿ ಆ ಹೆಂಗಸರ ಸ್ಮಾರಕವಿದೆ.

ಇತ್ತ ಕ್ಯಾಪ್ಟನ್ 1880ರ ಡಿಸೆಂಬರಿನಲ್ಲಿ ಐರ್ಲೆಂಡ್ ಬಿಟ್ಟ. ಮರುವರ್ಷ ಅಮೆರಿಕಕ್ಕೆ ಹೊರಟಾಗ ಯಾರ ಕಣ್ಣಿಗೂ ಬೀಳಬಾರದೆಂದು ಹಡಗಿನಲ್ಲಿ ಬರೀ ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಎಂದು ಬರೆಸಿದ್ದ. ಬಾಯ್ಕಾಟ್ ಎಂಬ ಹೆಸರನ್ನು ಬಾಯ್ಕಾಟನೇ ಕೈಬಿಟ್ಟಿದ್ದ. ನ್ಯೂಯಾರ್ಕಿನ ಪತ್ರಿಕೆಗಳು ಬಿಡಲಿಲ್ಲ, ಬಂದವನು ಅವನೇ ಎಂದು ಅಚ್ಚು ಹಾಕಿದವು.