ಕಂಡಿಯಲ್ಲಿ ಬನ್ನಿ

ಸೈಟು ಮಾರುವವರು ಮೊದಲು ಕಟ್ಟುವುದು ಕಮಾನು. ಚರಂಡಿ ಆಮೇಲೆ, ನೀರಿನ ಟ್ಯಾಂಕು ಅದಕ್ಕೂ ಆಮೇಲೆ, ಪಾರ್ಕು ನಕ್ಷೆಯಲ್ಲಿ. ಗದ್ದೆಯಲ್ಲಿ ಭತ್ತದ ಕೂಳೆ ಇನ್ನೂ ನಿಂತಿರುವಾಗಲೇ ರಸ್ತೆ ಬದಿಗೆ ಎರಡು ಕಂಬ ಎದ್ದು, ಅವುಗಳ ತಲೆಯ ಮೇಲೊಂದು ಅಡ್ಡೆ ಕೂತು, ಅಕ್ಕಪಕ್ಕ ಎರಡು ಸಿಮೆಂಟಿನ ಆನೆ ಬಂದು ನಿಂತುಬಿಡುತ್ತವೆ. ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆ ಹೋಗುವ ರಸ್ತೆಯಲ್ಲಿ ನಾವು ಸೈಟು ನೋಡಲು ಬಂದ ದಿನ ಅಲ್ಲಿದ್ದದ್ದು ಒಂದು ಕಮಾನು, ಒಂದಷ್ಟು ಸುಣ್ಣದ ಗೆರೆ, ಬಂದವರಿಗೆಲ್ಲ ಒಂದೊಂದು ಲೋಟ ಬಾದಾಮಿ ಹಾಲು. ನನ್ನ ಹೆಂಡತಿ ಕಮಾನನ್ನು ಕತ್ತೆತ್ತಿ ನೋಡಿ, "ಬಾಗಿಲೇ ಹಿಂಗಿದ್ರೆ ಒಳಗೆ ಇನ್ನೆಂಗಿರ್ಬೇಡ!" ಅಂದಳು. ಮಾರುವವರಿಗೆ ಬೇಕಾಗಿದ್ದದ್ದೂ ಆ ಒಂದು ಮಾತೇ. ಮುಂಗಡ ಅಲ್ಲೇ ಕೊಟ್ಟೆವು.

ಈಗ ಅದೇ ಕಮಾನಿನ ಸ್ಥಿತಿ ಕೇಳಿ. ಎಡಗಡೆಯ ಆನೆಗೆ ಸೊಂಡಿಲಿಲ್ಲ. ಕಬ್ಬಿನ ಟ್ರ್ಯಾಕ್ಟರೊಂದು ರಿವರ್ಸ್ ತೆಗೆಯುವಾಗ ತಗುಲಿಸಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಟ್ರ್ಯಾಕ್ಟರು ಬರುವುದಕ್ಕೆ ಮುಂಚೆಯೇ ಆ ಸೊಂಡಿಲು ಸೀಳಿತ್ತು. ಬಿರುಕಿನಲ್ಲಿ ನೀರಿಳಿದರೆ ಒಳಗಿನ ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿದ್ದು ಮೇಲಿನ ಗಾರೆಯನ್ನು ಸಿಡಿಸುತ್ತದೆ. ಟ್ರ್ಯಾಕ್ಟರಿನವನು ಕೊನೆಯ ಮಂಗಳಾರತಿ ಮಾಡಿದ, ಅಷ್ಟೆ. ಸೊಂಡಿಲಿದ್ದ ಕಡೆ ಈಗ ಎರಡು ಕಂಬಿ ಮಾತ್ರ ಚಾಚಿಕೊಂಡಿವೆ. ಎಳನೀರಿನವನು ಬೇಸಿಗೆಯಲ್ಲಿ ಅವಕ್ಕೆ ಛತ್ರಿ ಕಟ್ಟುತ್ತಾನೆ. ಬಲಗಡೆಯ ಆನೆ ಪೂರ್ತಿಯಾಗಿದೆ, ಕಾಣುವುದಿಲ್ಲ ಅಷ್ಟೆ. ಸುತ್ತ ಪಾರ್ಥೇನಿಯಂ ಎದೆಮಟ್ಟ ಬೆಳೆದಿದೆ. ಮಳೆಗಾಲದಲ್ಲಿ ಬೆನ್ನಿನ ದಿಣ್ಣೆಯೊಂದೇ ಹೊರಗಿರುವುದರಿಂದ ಬಡಾವಣೆಯಲ್ಲಿ ಹುಟ್ಟಿ ಬೆಳೆದ ಮಕ್ಕಳು ಅದನ್ನು ಬಂಡೆ ಅಂದುಕೊಂಡಿದ್ದಾರೆ.

ಮೇಲಿನ ಅಡ್ಡೆಯ ಕಥೆ ಬೇರೆ. ಬಡಾವಣೆಯ ಹಿಂದಿನ ಹಳ್ಳಿಗೆ ಹೋಗುವ ಹುಲ್ಲಿನ ಲಾರಿಗಳು ಸುಗ್ಗಿಯ ಕಾಲದಲ್ಲಿ ಅದಕ್ಕೆ ಬೆನ್ನುಜ್ಜಿಕೊಂಡೇ ಒಳಗೆ ಬರುತ್ತವೆ. ಹಾಗೆ ಉಜ್ಜಿದ ಹುಲ್ಲು ಅಕ್ಷರಗಳಿಗೆ ಸಿಕ್ಕಿಕೊಂಡು ವರ್ಷಪೂರ್ತಿ ತೋರಣದಂತೆ ತೂಗುತ್ತಿರುತ್ತದೆ. ಯುಗಾದಿಗೆ ನಮಗೆ ಮಾವಿನ ಸೊಪ್ಪಿನ ಖರ್ಚಿಲ್ಲ. ಹುಲ್ಲಿಗೂ ಅಡ್ಡೆಗೂ ನಡುವೆ ಕೇಬಲ್ಲಿನವರ ವೈರು, ಇಂಟರ್ನೆಟ್ಟಿನವರ ವೈರು, ಗಣೇಶನ ಹಬ್ಬಕ್ಕೆ ಕಟ್ಟಿ ಬಿಚ್ಚದೆ ಹೋದ ಸೀರಿಯಲ್ ಸೆಟ್ಟು. ಅದರ ಕೆಳಗೆ ಫ್ಲೆಕ್ಸು. ಸಾರ್ವಜನಿಕ ಸ್ಥಳಗಳನ್ನು ವಿರೂಪಗೊಳಿಸಬಾರದೆಂದು ರಾಜ್ಯದಲ್ಲಿ 1981ರಷ್ಟು ಹಿಂದೆಯೇ ಕಾನೂನಾಯಿತು. ಪ್ಲಾಸ್ಟಿಕ್ಕಿನ ಫ್ಲೆಕ್ಸನ್ನೇ 2016ರಲ್ಲಿ ನಿಷೇಧಿಸಿದರು. ಆದ್ದರಿಂದ ಕಾನೂನಿನ ಮಟ್ಟಿಗೆ ನಮ್ಮ ಕಮಾನು ಖಾಲಿಯಿದೆ. ಕಣ್ಣಿಗೆ ಕಾಣುವುದು ಮಾತ್ರ ಯುವ ನಾಯಕರ ಹುಟ್ಟುಹಬ್ಬ, ಅದರ ಮಗ್ಗುಲಲ್ಲೇ ಕಣ್ಣೀರಿನ ಶ್ರದ್ಧಾಂಜಲಿ. ಗಾಳಿ ಬಂದಾಗ ಎರಡೂ ಒಂದರ ಮೇಲೊಂದು ಮಡಚಿಕೊಂಡು, ಯಾರಿಗೆ ಶುಭ ಕೋರುತ್ತಿದ್ದೇವೆ, ಯಾರಿಗೆ ಅಳುತ್ತಿದ್ದೇವೆ ಎನ್ನುವುದು ತಿಳಿಯದೆ ಹೋಗುತ್ತದೆ.

ಒಂದು ಸಲ ಮಾತ್ರ ಫ್ಲೆಕ್ಸಿನವರು ಅತ್ತ ಸುಳಿಯಲಿಲ್ಲ. ಅಡ್ಡೆಯ ಕೆಳಮೈಗೆ ಹೆಜ್ಜೇನು ಕಟ್ಟಿತ್ತು. ಮೊರದಗಲದ ಹುಟ್ಟು, ಹತ್ತಿರ ಹೋದರೆ ಮೈಯೆಲ್ಲ ಒಮ್ಮೆ ಅಲೆಯಾಗಿ ಸರಿದು ಹೊಳೆಯುತ್ತಿತ್ತು. ಬಡಾವಣೆಯ ಸಂಘದ ಅಧ್ಯಕ್ಷರು ಮೇಲುಕೋಟೆ ಕಡೆಯಿಂದ ಜೇನು ಕೀಳುವವನನ್ನು ಕರೆಸಿದರು. ಅವನು ಕೆಳಗೆ ನಿಂತು, ಬೀಡಿ ಹಚ್ಚಿ, ತುಂಬಾ ಹೊತ್ತು ನೋಡಿ, "ಬೆಳದಿಂಗ್ಳಲ್ಲಿ ಕೈ ಆಕಕ್ಕಾಗಲ್ಲ ಸಾ, ಅಮಾಸೆ ಬರ್ಲಿ," ಎಂದು ಮುಂಗಡ ತೆಗೆದುಕೊಂಡು ಹೋದ. ಅಮಾವಾಸ್ಯೆ ಬರುವಷ್ಟರಲ್ಲಿ ಜೇನು ತಾನಾಗಿಯೇ ಎದ್ದು ಹೋಯಿತು. ಹೆಜ್ಜೇನಿನ ಸ್ವಭಾವವೇ ಅದು, ಹೂವಿನ ಕಾಲ ಮುಗಿದರೆ ಊರು ಬಿಡುತ್ತದೆ. ಮುಂಗಡ ಅವನ ಹತ್ತಿರ ಉಳಿಯಿತು. ನನ್ನನ್ನು ಕೇಳಿದರೆ, ನಮ್ಮ ಬಾಗಿಲನ್ನು ಆ ಜೇನು ಕಾಯ್ದಷ್ಟು ಚೆನ್ನಾಗಿ ಇನ್ನಾರೂ ಕಾಯಲಿಲ್ಲ.

ಕಾಯಲು ಒಬ್ಬ ವಾಚ್‌ಮನ್ ಇದ್ದ ಎನ್ನುವುದನ್ನೂ ಹೇಳಬೇಕು. ನೀಲಿ ಬಣ್ಣದ ಫೈಬರ್ ಗೂಡಿನಲ್ಲಿ ಕೂತು, ಒಳಗೆ ಬರುವವರ ಹೆಸರು ಬರೆದುಕೊಳ್ಳುತ್ತಿದ್ದ. ಸೈಟು ಪೂರ್ತಿ ಮಾರಿದ ತಿಂಗಳಿನಿಂದ ಅವನ ಸಂಬಳ ನಮ್ಮ ತಲೆಗೆ ಬಂತು. ಮನೆ ಕಟ್ಟಿದವರು, ಕಟ್ಟದವರೂ ಕೊಡಲಿ ಎಂದರು. ಕಟ್ಟದವರು, ನಮಗೇನು ಕಳ್ಳರ ಭಯ, ಹುಲ್ಲು ಕದಿಯುತ್ತಾರೆಯೇ ಎಂದರು. ಮೊದಮೊದಲು ಕೊಟ್ಟವರು, ಕೊಟ್ಟೋನು ಕೋಡಂಗಿ ಈಸ್ಕೊಂಡೋನು ಈರಭದ್ರ ಎಂದು ಆಮೇಲೆ ಕೈ ಬಿಟ್ಟರು. ಅವನು ಹೋದ. ಗೂಡಿನಲ್ಲಿ ಈಗ ಒಂದು ಕೆಂದು ನಾಯಿ ಮರಿ ಹಾಕಿದೆ. ರಾತ್ರಿ ಬೊಗಳುವ ಕೆಲಸ ಹಿಂದೆಂದಿಗಿಂತ ಚೆನ್ನಾಗಿ ನಡೆಯುತ್ತಿದೆ.

ಹಾಗಾದರೆ ಈ ಬಾಗಿಲು ಯಾರದು? ಬಡಾವಣೆ ಮಾಡಿದವರು ರಸ್ತೆ, ಪಾರ್ಕುಗಳನ್ನು ಪರಿತ್ಯಾಜನಾ ಪತ್ರ ಬರೆದು ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಅದರ ಯೋಗಕ್ಷೇಮ ಸಂಸ್ಥೆಯದು. ಇದು ನಿಯಮ. ನಮ್ಮಲ್ಲಿ ಬರೆದುಕೊಟ್ಟವರು ಕೊಟ್ಟಾಯಿತು ಅನ್ನುತ್ತಾರೆ, ತೆಗೆದುಕೊಳ್ಳಬೇಕಾದವರು ಬಂದಿಲ್ಲ ಅನ್ನುತ್ತಾರೆ. ಕಡತದಲ್ಲಿ ರಸ್ತೆಯುಂಟು, ಪಾರ್ಕುಂಟು, ಓವರ್‌ಹೆಡ್ ಟ್ಯಾಂಕುಂಟು. ಕಮಾನಿನ ಹೆಸರೇ ಇಲ್ಲ. ನಕ್ಷೆಯಲ್ಲಿ ಅದನ್ನು ತೋರಿಸಿಯೇ ಇಲ್ಲವಂತೆ. ಗುಮಾಸ್ತರೊಬ್ಬರು ಕನ್ನಡಕ ಮೇಲೇರಿಸಿ, "ನೀವು ಹೇಳೋ ಕಮಾನು ಇಲ್ವಲ್ಲ ಸಾರ್," ಅಂದರು. ಅವರ ಕಚೇರಿಯ ಕಿಟಕಿಯಿಂದ ನೋಡಿದರೆ ಹುಲ್ಲು ತೂಗುವುದು ಕಾಣುತ್ತದೆ.

ಬಾಗಿಲಿನ ವಿಷಯದಲ್ಲಿ ನಮ್ಮ ತಾಲ್ಲೂಕಿನವರು ಹಿಂದೆ ಜಿಪುಣತನ ಮಾಡಿದವರಲ್ಲ. ಶ್ರೀರಂಗಪಟ್ಟಣದ ಕೋಟೆಗೆ ಬೆಂಗಳೂರು ಬಾಗಿಲು, ಮೈಸೂರು ಬಾಗಿಲು, ದೆಹಲಿ ಬಾಗಿಲು, ಆನೆ ಬಾಗಿಲು, ನೀರ ಬಾಗಿಲು. ಇಷ್ಟು ಬಾಗಿಲಿದ್ದೂ 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಸೈನ್ಯ ಯಾವ ಬಾಗಿಲಿನಿಂದಲೂ ಬರಲಿಲ್ಲ. ವಾಯವ್ಯದ ಕಡೆ ಫಿರಂಗಿಯಿಂದ ಗೋಡೆ ಒಡೆದು, ಹೊಳೆ ದಾಟಿ, ಆ ಕಂಡಿಯಲ್ಲಿ ನುಗ್ಗಿತು. ಆಮೇಲೆ ಬಂದ ಮೈಸೂರಿನ ರೈಲೂ ಕೋಟೆಯೊಳಗಿಂದಲೇ ತನ್ನ ದಾರಿ ಮಾಡಿಕೊಂಡಿತು. ಜೋಡಿ ಹಳಿ ಹಾಕುವಾಗ ಅಡ್ಡ ಬಂತೆಂದು ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನೇ 2017ರಲ್ಲಿ ಇಡೀ ಕಟ್ಟಡವಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಇನ್ನೂ ಬುದ್ಧಿವಂತ, ಅದು ಊರೊಳಕ್ಕೇ ಬರುವುದಿಲ್ಲ. ಕೋಟೆಯ ಬಾಗಿಲುಗಳು ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿವೆ. ಗಾರೆಗಚ್ಚು, ಕಲ್ಲು, ಉಬ್ಬುವುದಕ್ಕೆ ಒಳಗೆ ಕಂಬಿಯಿಲ್ಲ. ಸಂದಿನಲ್ಲಿ ಅರಳಿ ಗಿಡ ಎದ್ದಿದ್ದರೂ ಅವಕ್ಕೊಂದು ಗಾಂಭೀರ್ಯವಿದೆ. ಪಾಳು ಬೀಳುವುದಕ್ಕೂ ಯೋಗ್ಯತೆ ಬೇಕು ಎಂದು ಅವನ್ನು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಈ ಕಂಡಿಯ ಪರಂಪರೆಯನ್ನು ನಾವು ಬಿಟ್ಟಿಲ್ಲ. ರಸ್ತೆಗೆ ಡಾಂಬರು ಹಾಕಿದಷ್ಟು ಸಲವೂ ರಸ್ತೆ ಏರುತ್ತದೆ. ನಮ್ಮ ಬಾಗಿಲು ಇದ್ದಲ್ಲೇ ಇರುವುದರಿಂದ ಇಳಿಯುತ್ತದೆ. ಹೀಗೆ ಇಳಿದಿಳಿದು ಕಮಾನಿನ ಅಡಿ ಈಗ ಒಂದು ಹೊಂಡ. ಒಂದು ಹದ ಮಳೆ ಬಿದ್ದರೆ ರಸ್ತೆಯ ನೀರೆಲ್ಲ ಅಲ್ಲಿ ಬಂದು ಕೂರುತ್ತದೆ, ಕಪ್ಪೆ ವಟಗುಟ್ಟುತ್ತವೆ. ಹುಲ್ಲಿನ ಲಾರಿ, ಟ್ರ್ಯಾಕ್ಟರುಗಳಿಗೆ ಲೆಕ್ಕವಿಲ್ಲ. ಸ್ಕೂಟರಿನವರಿಗೆ, ಬಿಳಿ ಸಾಕ್ಸು ಹಾಕಿದ ಮಕ್ಕಳಿಗೆ ಅದು ಆಗದ ಮಾತು. ಹಾಗಾಗಿ ಬಡಾವಣೆಯ ಕಾಂಪೌಂಡು ಜರಿದುಬಿದ್ದ ಕಡೆ ಜನ ಕಾಲುದಾರಿ ಮಾಡಿಕೊಂಡರು. ಮೊದಲು ಒಬ್ಬರು ಓರೆಯಾಗಿ ನುಸುಳುವಷ್ಟಿತ್ತು. ಆಮೇಲೆ ಸೈಕಲ್ಲು, ಆಮೇಲೆ ಸ್ಕೂಟರು, ಈಗ ಕಾರು. ಇಟ್ಟಿಗೆಗಳು ಯಾರ ಯಾರ ಮನೆಯ ತುಳಸಿಕಟ್ಟೆಯಾದವೋ ನಾನು ಹೇಳುವುದಿಲ್ಲ. ಮನೆಗೆ ಬರುವವರು ದಾರಿ ಕೇಳಿದರೆ, "ದೊಡ್ಡ ಕಮಾನು ಸಿಗುತ್ತೆ, ಅದರೊಳಗೆ ಬರಬೇಡಿ, ಮುಂದೆ ಬಂದು ಕಂಡಿಯಲ್ಲಿ ಬನ್ನಿ," ಎನ್ನುತ್ತೇವೆ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಮಾತ್ರ ಕೆಲವರು ಕಮಾನಿನ ಹೊಂಡಕ್ಕೆ ಎರಡು ಗಾಡಿ ಜಲ್ಲಿ ಹಾಕಿಸುತ್ತಾರೆ. ಬಡಾವಣೆಯಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಿದ್ದಿದ್ದರೆ ಇಷ್ಟು ಹೊತ್ತಿಗೆ ಅದು ಮುಚ್ಚಿಹೋಗಿರುತ್ತಿತ್ತು.

ನನ್ನ ಹೆಂಡತಿ ಕೆ.ಆರ್. ಪೇಟೆ ತಾಲ್ಲೂಕಿನವಳು. ಅವಳ ಊರಿನ ಮುಂದೆ ಕಮಾನಿಲ್ಲ. ಒಂದು ಕರುಗಲ್ಲು ನೆಟ್ಟಿದ್ದಾರೆ, ಪಕ್ಕದಲ್ಲಿ ಮೂಗು ಸವೆದ ಒಂದು ವೀರಗಲ್ಲು, ಆಚೆ ಮಾರಿಗುಡಿ, ಅರಳಿಕಟ್ಟೆ. ಅದರಾಚೆ ಸಾಲಾಗಿ ತಿಪ್ಪೆ, ಸುಳ್ಳೇಕೆ ಹೇಳಲಿ. ಆದರೆ ಹಬ್ಬಕ್ಕೆ ತಮಟೆ ಬಡಿದು ಸಾರು ಹಾಕಿದರೋ, ಬೆಳಗಾಗುವುದರೊಳಗೆ ಊರಬಾಗಿಲು ಗುಡಿಸಿ, ಸಗಣಿ ನೀರು ಚೆಲ್ಲಿ, ಬೇವಿನ ಸೊಪ್ಪು ಕಟ್ಟಿರುತ್ತದೆ. ಯಾರ ಜವಾಬ್ದಾರಿ ಎಂದು ಅಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಗುಡಿಸುವ ಮನೆ ಯಾವುದು, ಸೊಪ್ಪು ತರುವ ಮನೆ ಯಾವುದು, ಯಾರ ವಂತಿಗೆ ಎಷ್ಟು ಎಲ್ಲ ಅವರಜ್ಜಂದಿರ ಕಾಲದಿಂದ ಗೊತ್ತು. ತಪ್ಪಿದರೆ ಮಾರಮ್ಮ ಕೇಳುತ್ತಾಳೆ. ನಮ್ಮ ಬಡಾವಣೆಗೆ ಕೇಳುವುದಕ್ಕೆ ಮಾರಮ್ಮನೂ ಇಲ್ಲ. ಅವಳಿಗೆಂದು ಒಂದು ಸೈಟು ಬಿಡಿ ಎಂದರೆ ಸಿ.ಎ. ಸೈಟಿನ ನಿಯಮ ಹೇಳುತ್ತಾರೆ.

ಅಂತೂ ಹೋದ ಭಾನುವಾರ ಸಭೆ ಸೇರಿತು. ಮುಖ್ಯ ವಿಷಯ ಕಮಾನು, ಇತರೆ ವಿಷಯ ಕಾಫಿ. ನಾಗಮಂಗಲದ ಕಡೆಯ ನಿವೃತ್ತ ಮೇಷ್ಟರೊಬ್ಬರು ಎದ್ದು, ಪೇಂಟು ಬಳಿದರೆ ಎರಡು ಮಳೆಗೆ ಹೋಗುತ್ತದೆ, ನಮ್ಮ ನಾಗಮಂಗಲದ ಹಿತ್ತಾಳೆ ಕೆಲಸ ಹಿಂದಿನಿಂದ ಹೆಸರುವಾಸಿ, ಹಿತ್ತಾಳೆ ಅಕ್ಷರ ಹಾಕಿಸಿ ಎಂದರು. "ಮೇಷ್ಟ್ರೇ, ಹಿತ್ತಾಳೆ ಹಾಕ್ಸಿದ ರಾತ್ರಿನೇ ಗುಜರಿಗೆ ಓಯ್ತದೆ," ಎಂದು ಹಿಂದಿನಿಂದ ಉತ್ತರ ಬಂತು. ಇನ್ನೊಬ್ಬರು ಬಡಾವಣೆಯ ಹೆಸರೇ ಸರಿಯಿಲ್ಲ, ವಾಸ್ತು ಪ್ರಕಾರ ಬದಲಾಯಿಸಬೇಕು ಎಂದರು. ಇದು ಮಾತ್ರ ತಳ್ಳಿಹಾಕುವ ಸಲಹೆಯಲ್ಲ. ಹೆಸರು ಬದಲಾಯಿಸುವುದರಲ್ಲಿ ನಮ್ಮ ಸೀಮೆಯ ಕೈ ಪಳಗಿದೆ. ಹೈದರ್, ಟಿಪ್ಪುವಿನ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರೆಂದು ಫ್ರೆಂಚ್ ರಾಕ್ಸ್ ಆಗಿದ್ದ ಹಿರೋಡೆ ಈಗ ಪಾಂಡವಪುರ. ಅತ್ತಿಕುಪ್ಪೆ 1891ರಲ್ಲಿ ಕೃಷ್ಣರಾಜಪೇಟೆಯಾಯಿತು. ಆ ಊರುಗಳ ಚರಂಡಿಗೆ ಇದರಿಂದ ಏನು ಅನುಕೂಲವಾಯಿತು ಎಂದು ನಾನು ಕೇಳಬೇಕೆಂದಿದ್ದೆ; ಅಷ್ಟರಲ್ಲಿ ಬೋಂಡ ಬಂತು.

ನನ್ನ ಸಲಹೆ ಸರಳವಾಗಿತ್ತು. ಮೇಲುಕೋಟೆಯಲ್ಲಿ ಅಕ್ಕತಂಗಿ ಕೊಳದ ಹತ್ತಿರ ರಾಯಗೋಪುರವಿದೆ. ಎತ್ತರದ ಕಂಬಗಳು ಎದ್ದಿವೆ, ಮೇಲಿನ ಗೋಪುರ ಏಳಲೇ ಇಲ್ಲ. ಒಂದೇ ರಾತ್ರಿಯಲ್ಲಿ ಕಟ್ಟುತ್ತಿದ್ದರು, ಬೆಳಕು ಹರಿದು ನಿಂತುಹೋಯಿತು ಎಂದು ಜನ ಹೇಳುತ್ತಾರೆ. ಅಷ್ಟಕ್ಕೇ ಬಿಟ್ಟದ್ದರಿಂದ ಅದಕ್ಕೆಷ್ಟು ಲಾಭವಾಗಿದೆ ನೋಡಿ: ಯಾರೂ ಅದನ್ನು ಹಾಳಾಗಿದೆ ಅನ್ನುವುದಿಲ್ಲ, ಮುಗಿದಿಲ್ಲ ಅನ್ನುತ್ತಾರೆ. ಸಿನಿಮಾದವರು ಬಂದು ಹಾಡು ತೆಗೆಯುತ್ತಾರೆ, ಹೊಸದಾಗಿ ಮದುವೆಯಾಗುವವರು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಕಮಾನನ್ನೂ ಇನ್ನೂ ಮುಗಿದಿಲ್ಲ ಎಂದು ಘೋಷಿಸಿಬಿಟ್ಟರೆ ಕಾಸು ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ ಎಂದೆ. ಅಧ್ಯಕ್ಷರು ನನ್ನನ್ನು ನೋಡಿದ ರೀತಿಯಲ್ಲಿ ಒಪ್ಪಿಗೆ ಕಾಣಲಿಲ್ಲ. ಹಗಲುಗನಸನ್ನೇ ಪ್ರಬಂಧ ಮಾಡಿದ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಹುಟ್ಟಿದ ಸೀಮೆಯಲ್ಲಿ ಅದರ ಬೆಲೆ ಇಷ್ಟು ಇಳಿಯಬಾರದಿತ್ತು.

ಕೊನೆಗೆ ಎಲ್ಲರ ಒಪ್ಪಿಗೆ ಸಿಕ್ಕಿದ ಠರಾವು ಬೇರೆಯೇ. ಹಳೆಯ ಕಮಾನಿಗೆ ಕೈ ಹಾಕುವುದು ಬೇಡ. ಹೇಗಿದ್ದರೂ ಜನ ಓಡಾಡುತ್ತಿರುವುದು ಕಂಡಿಯಲ್ಲಿ. ಆದ್ದರಿಂದ ಕಂಡಿಯ ಎರಡು ಕಡೆಗೂ ಕಂಬ ಎಬ್ಬಿಸಿ ಅಲ್ಲೊಂದು ಹೊಸ ಕಮಾನು ಕಟ್ಟುವುದು. ಆನೆ ಬೇಡ, ಈ ಸಲ ಸಿಂಹ. ದಾನಿಗಳ ಹೆಸರು ಕಂಬದ ಮೇಲೆ ಬರೆಸುವುದು. ವಂತಿಗೆ ಕೊಡದವರೂ ದಾನಿಗಳಾಗಲು ಅಲ್ಲೇ ಕೈ ಎತ್ತಿದರು. ಕಂಬದ ಅಳತೆ ಹಿಡಿಯಲು ನಾಲ್ಕೈದು ಜನ ಟೇಪು ಹಿಡಿದು ಕಂಡಿಗೆ ಹೊರಟೆವು.

ಹಿಂದಿನ ಹಳ್ಳಿಯಿಂದ ದಿನಾ ಎರಡು ಹೊತ್ತು ಹಾಲಿನ ಕ್ಯಾನು ಹೊತ್ತು ಡೈರಿಗೆ ಬರುವ ಅಜ್ಜಿಯೊಬ್ಬರು ಅದೇ ಹೊತ್ತಿಗೆ ಕಂಡಿಯಲ್ಲಿ ಬಂದರು. ನಾವು ಟೇಪು ಅಡ್ಡ ಹಿಡಿದದ್ದರಿಂದ ನಿಲ್ಲಬೇಕಾಯಿತು. "ಏನ್ ಮಾಡ್ತಾ ಇದ್ದೀರಿ ಸಾ?" ಎಂದು ಕೇಳಿದರು. ಅಧ್ಯಕ್ಷರು ಹೆಮ್ಮೆಯಿಂದ, "ಇಲ್ಲಿ ಕಮಾನು ಕಟ್ತೀವಿ ಕಣಜ್ಜಿ," ಅಂದರು. ಅಜ್ಜಿ ಕ್ಯಾನನ್ನು ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು, ಕಾಂಪೌಂಡು ಇನ್ನೂ ನಿಂತಿರುವ ಕಡೆ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿ ಕೇಳಿದರು:

"ಅಂಗಾರೆ ನಾವ್ ಓಡಾಡಕ್ಕೆ ಇನ್ನೆಲ್ ಕೆಡವ್‌ಕೊಡ್ತೀರಿ ಸಾ?"